ಹುಣಸೆ ಹುಳಿ, ದ್ರಾಕ್ಷಿ ಹುಳಿ: ಲೂಯಿ ಪಾಶ್ಚರ್ ಕಥೆ

ಬೇಸಿಗೆ ಶುರುವಾದ ಮೇಲೆ ಬಟವಾಡಿ ಎಪಿಎಂಸಿ ಹತ್ತಿರ ಓಡಾಡಿದವರಿಗೆ ಗೊತ್ತಿರುತ್ತೆ, ಹುಣಸೆಹಣ್ಣಿನ ಆ ಹುಳಿ ವಾಸನೆ. ರಾಶಿ ರಾಶಿ ಹುಣಸೆ, ಚೀಲ ಹೊರುವ ಹಮಾಲರು, ಲೆಕ್ಕ ಬರೆಯೋ ಮಂಡಿಯವರು. ನಮ್ಮಲ್ಲಿ ಇಬ್ಬರು ಗುಬ್ಬಿಯಿಂದ ದಿನಾ ಬಂದು ಹೋಗುವವರು, ಒಬ್ಬಳು ಕುಣಿಗಲ್‌ನವಳು, ಉಳಿದವರು ಇಲ್ಲೇ ಹಾಸ್ಟೆಲ್ಲಿನಲ್ಲಿ ಇರೋರು. ಎಲ್ಲರ ಮನೆಯಲ್ಲೂ ಹುಣಸೆ ಇದೆ. ಎಲ್ಲರೂ ಪಿಯುಸಿಯಲ್ಲಿ ಟಾರ್ಟಾರಿಕ್ ಆಸಿಡ್ ಅಂತ ಓದಿದ್ದೀವಿ. ಆದರೆ ಇವೆರಡೂ ಒಂದೇ ಅಂತ ಈ ಲೇಖನಕ್ಕೆ ಕೂರುವವರೆಗೂ ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ್ದಕ್ಕೋ ಏನೋ, ಆಸಿಡ್ ಅಂದ್ರೆ ಫಾರ್ಮುಲಾ ನೆನಪಾಗುತ್ತೆ, ಹುಣಸೆ ಅಂದ್ರೆ ಸಾರು ನೆನಪಾಗುತ್ತೆ. ನಡುವೆ ಒಂದು ಗೋಡೆ.

ಈ ಸಂಚಿಕೆಗೆ ಒಬ್ಬ ವಿಜ್ಞಾನಿಯ ಬದುಕು ಬರೆಯಬೇಕು ಅಂತ ಸಂಘದಲ್ಲಿ ತೀರ್ಮಾನ ಆದಾಗ ನಾವು ಪಾಶ್ಚರ್ ಹೆಸರು ಹೇಳಿದೆವು. ಹಾಲಿನ ಪ್ಯಾಕೆಟ್ ಮೇಲೆ ಅವರ ಹೆಸರೇ ಇದೆಯಲ್ಲ, ಸುಲಭ ಆಗುತ್ತೆ ಅಂದ್ಕೊಂಡೆವು. ಓದ್ತಾ ಹೋದಂತೆ ಗೊತ್ತಾಗಿದ್ದೇ ಬೇರೆ. ಅವರು ಮೊದಲು ಬಿಸಿ ಮಾಡಿದ್ದು ಹಾಲನ್ನಲ್ಲ, ವೈನನ್ನ. ಅದೂ ತಮ್ಮೂರಿನ ಸುತ್ತಮುತ್ತ ಕೆಡುತ್ತಿದ್ದ ವೈನನ್ನ. ಅವರ ಮೊದಲ ದೊಡ್ಡ ಸಂಶೋಧನೆ ಶುರುವಾಗಿದ್ದೂ ವೈನ್ ಪೀಪಾಯಿಯ ತಳದಲ್ಲಿ ಕೂರುವ ಗಷ್ಟಿನಿಂದ. ಆ ಗಷ್ಟಿನಲ್ಲಿ ಇದ್ದಿದ್ದು ನಮ್ಮ ಹುಣಸೆಯ ಹುಳಿಯೇ.

ಮೊದಲೇ ಹೇಳಿಬಿಡ್ತೀವಿ, ನಾವ್ಯಾರೂ ವೈನ್ ಕುಡಿದವರಲ್ಲ. ಕುಡೀರಿ ಅಂತ ಹೇಳೋಕೂ ಇದನ್ನ ಬರೀತಿಲ್ಲ.

ಚರ್ಮ ಹದ ಮಾಡೋರ ಮನೆ, ದ್ರಾಕ್ಷಿ ಬೆಳೆಯೋ ಊರು

ಫ್ರಾನ್ಸಿನ ಪೂರ್ವಕ್ಕೆ, ಸ್ವಿಟ್ಜರ್ಲೆಂಡ್ ಗಡಿಗೆ ಹತ್ತಿರ ಜ್ಯುರಾ ಅಂತ ಒಂದು ಬೆಟ್ಟದ ಸೀಮೆ ಇದೆ. ಅಲ್ಲಿನ ಡೋಲ್ ಎಂಬ ಊರಲ್ಲಿ 1822ರ ಡಿಸೆಂಬರ್ 27ರಂದು ಲೂಯಿ ಪಾಶ್ಚರ್ ಹುಟ್ಟಿದರು. ತಂದೆ ಜಾನ್ ಜೋಸೆಫ್ ನೆಪೋಲಿಯನ್ ಸೈನ್ಯದಲ್ಲಿ ಸೇವೆ ಮಾಡಿ ಬಂದವರು. ಆಮೇಲೆ ಚರ್ಮ ಹದ ಮಾಡುವ ಕೆಲಸ. ಮಗ ಚಿಕ್ಕವನಿದ್ದಾಗಲೇ ಸಂಸಾರ ಆರ್ಬ್ವಾ ಎಂಬ ಪುಟ್ಟ ಊರಿಗೆ ಬಂತು. ಕ್ವಿಜಾನ್ಸ್ ಅನ್ನೋ ಹೊಳೆ ದಂಡೆಯಲ್ಲೇ ಮನೆ, ಮನೆಯಲ್ಲೇ ತೊಗಲಿನ ತೊಟ್ಟಿಗಳು. ನಮ್ಮ ಗುಬ್ಬಿಗೆ ಹೋಲಿಸಿದರೂ ಆರ್ಬ್ವಾ ಸಣ್ಣದೇ. ಆದರೆ ವೈನ್ ಲೋಕದಲ್ಲಿ ಅದಕ್ಕೆ ದೊಡ್ಡ ಹೆಸರು. 1936ರಲ್ಲಿ ಫ್ರಾನ್ಸ್ ಸರ್ಕಾರ ಊರಿನ ಹೆಸರಿಗೇ ಕಾನೂನಿನ ರಕ್ಷಣೆ ಕೊಟ್ಟಾಗ, ಆ ಮೊದಲ ಪಟ್ಟಿಯಲ್ಲೇ ಆರ್ಬ್ವಾ ಇತ್ತು. ಮೈಸೂರು ವೀಳ್ಯದೆಲೆಗೆ ಈಗ ಜಿಐ ಟ್ಯಾಗ್ ಇದೆಯಲ್ಲ, ಹಾಗೆ.

ಅಲ್ಲಿನ ಕೆಂಪು ವೈನಿಗೆ ಮುಖ್ಯವಾಗಿ ಮೂರು ತಳಿಯ ದ್ರಾಕ್ಷಿ. ಪುಲ್ಸಾರ್, ಟ್ರೂಸೋ, ಪಿನೋ ನ್ವಾರ್. ಪುಲ್ಸಾರ್‌ನ ಸಿಪ್ಪೆ ತುಂಬಾ ತೆಳು, ಅದಕ್ಕೇ ಅದರ ವೈನ್ ಕೆಂಪು ಅನ್ನೋದಕ್ಕಿಂತ ತಿಳಿ ದಾಳಿಂಬೆ ಬಣ್ಣದ್ದು. ಟ್ರೂಸೋ ಸ್ವಲ್ಪ ಗಾಢ, ಸ್ವಲ್ಪ ಖಡಕ್. ಬೇರೆ ಕಡೆ ಬಿಳಿ ವೈನ್ ಮೊದಲು ಕುಡಿದು ಕೆಂಪು ಆಮೇಲೆ ಕುಡಿದರೆ, ಜ್ಯುರಾದಲ್ಲಿ ಉಲ್ಟಾ. ಅಲ್ಲಿನ ಕೆಂಪು ಹಗುರ, ಬಿಳಿಯೇ ಗಟ್ಟಿ. ಸಾವಾಗ್ನ್ಯಾಂ ಅನ್ನೋ ಬಿಳಿ ದ್ರಾಕ್ಷಿಯಿಂದ ಮಾಡುವ ಹಳದಿ ವೈನನ್ನ ಆರು ವರ್ಷಕ್ಕೂ ಹೆಚ್ಚು ಪೀಪಾಯಿಯಲ್ಲಿ ಇಡ್ತಾರೆ. ಮೇಲೆ ಯೀಸ್ಟಿನ ಕೆನೆ ಕಟ್ಟುತ್ತೆ. ಅದನ್ನ ಮಾರೋದು 62 ಸೆಂಟಿಲೀಟರಿನ ಗಿಡ್ಡ ಬಾಟಲಿಯಲ್ಲಿ.

ಊಟದ ವಿಷಯಕ್ಕೆ ಬಂದರೆ, ಪುಲ್ಸಾರ್ ಜೊತೆ ಆ ಕಡೆಯವರು ನಂಚ್ಕೊಳ್ಳೋದು ಹೊಗೆ ಹಾಕಿದ ಮೋರ್ತೋ ಸಾಸೇಜು, ಉಪ್ಪು ಹಾಕಿ ಒಣಗಿಸಿದ ಮಾಂಸ, ಕೊಂತೆ ಅನ್ನೋ ಹಸುವಿನ ಹಾಲಿನ ಚೀಸ್. ಟ್ರೂಸೋಗೆ ಸುಟ್ಟ ಮಾಂಸ, ಕಾಡಿನ ಅಣಬೆ. ಹಳದಿ ವೈನಿಗೆ ಹಳೇ ಕೊಂತೆ ಮತ್ತು ಆಕ್ರೋಟ್, ಇಲ್ಲಾಂದ್ರೆ ಅದೇ ವೈನಿನಲ್ಲಿ ಬೇಯಿಸಿದ ಕೋಳಿ.

ಯಾವುದಕ್ಕೆ ಯಾವುದು ಹೊಂದುತ್ತೆ ಅನ್ನೋದು ಬರೀ ಶೋಕಿ ಅಂದ್ಕೊಂಡಿದ್ದೆವು, ಅದರ ಹಿಂದೆ ಕೆಮಿಸ್ಟ್ರಿಯೂ ಇದೆ. ಹಸಿ ಅಡಿಕೆ ಬಾಯಿಗೆ ಹಾಕ್ಕೊಂಡ್ರೆ ನಾಲಿಗೆ ಒಣಗಿ ಹಿಡಿದ ಹಾಗೆ ಆಗುತ್ತಲ್ಲ, ಆ ಒಗರಿಗೆ ಕಾರಣ ಟ್ಯಾನಿನ್. ಗುಬ್ಬಿ ಕಡೆ ಅಡಿಕೆ ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುವ ಚೊಗರಿನಲ್ಲಿ ಇರೋದೂ ಇದೇ. ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಕೆಂಪು ವೈನಿಗೆ ಇಳಿಯೋದೂ ಇದೇ ಜಾತಿಯ ಟ್ಯಾನಿನ್. ಅದು ಎಂಜಲಿನಲ್ಲಿರೋ ಪ್ರೋಟೀನಿಗೆ ಅಂಟ್ಕೊಳ್ಳುತ್ತೆ, ಬಾಯಿ ಒಣಗಿದ ಹಾಗನ್ನಿಸುತ್ತೆ. ಜೊತೆಗೆ ಚೀಸೋ ಮಾಂಸವೋ ಇದ್ದರೆ ಟ್ಯಾನಿನ್ ಆ ಪ್ರೋಟೀನು, ಕೊಬ್ಬಿನ ಕಡೆ ಹೋಗುತ್ತೆ, ಒಗರು ಇಳಿಯುತ್ತೆ. ವೈನಿನ ಹುಳಿ ಜಿಡ್ಡನ್ನ ತಗ್ಗಿಸುತ್ತೆ. ಬಾಡಿನ ಸಾರಿಗೆ ನಮ್ಮಮ್ಮಂದಿರು ಹುಳಿ ಬಿಡೋದೂ ಇದೇ ಲೆಕ್ಕ.

ಇನ್ನೊಂದು ಸ್ವಾರಸ್ಯ. ಪಾಶ್ಚರ್ ಅವರ ಅಪ್ಪ ಓಕ್ ಮರದ ತೊಗಟೆ ಹಾಕಿ ತೊಗಲು ಹದ ಮಾಡ್ತಿದ್ದಾಗ ಕೆಲಸ ಮಾಡ್ತಿದ್ದದ್ದೂ ಟ್ಯಾನಿನ್. ತೊಗಲಿನ ಪ್ರೋಟೀನನ್ನ ಹಿಡಿದು ಕೊಳೆಯದ ಹಾಗೆ ಮಾಡುತ್ತೆ. ಒಂದೇ ಊರಲ್ಲಿ ಒಂದೇ ಬಗೆಯ ಪದಾರ್ಥ ಒಂದು ತೊಟ್ಟಿಯಲ್ಲಿ ಚರ್ಮ ಉಳಿಸ್ತಿತ್ತು, ಪಕ್ಕದ ಮನೆಯ ಪೀಪಾಯಿಯಲ್ಲಿ ವೈನಿಗೆ ರುಚಿ ಕೊಡ್ತಿತ್ತು.

ಕೆಮಿಸ್ಟ್ರಿಯಲ್ಲಿ ಸಾಧಾರಣ

ಹುಡುಗನಾಗಿದ್ದಾಗ ಪಾಶ್ಚರ್‌ಗೆ ಓದಿಗಿಂತ ಚಿತ್ರದಲ್ಲಿ ಆಸಕ್ತಿ. ಅಮ್ಮನದು, ನೆರೆಹೊರೆಯವರದು ಬಣ್ಣದ ಕಡ್ಡಿಯಲ್ಲಿ ಬರೆದ ಚಿತ್ರಗಳು ಇವತ್ತಿಗೂ ಇವೆ. ಹದಿನೈದು ವರ್ಷಕ್ಕೆ, 1838ರಲ್ಲಿ, ಓದೋಕೆ ಪ್ಯಾರಿಸ್ಸಿಗೆ ಕಳಿಸಿದರು. ಹಾಸ್ಟೆಲ್ ಹಿಡಿಸಲಿಲ್ಲ. ಮನೆ ನೆನಪು ಎಷ್ಟು ಕಾಡಿತೆಂದರೆ ಕೆಲವೇ ವಾರಗಳಲ್ಲಿ ಅಪ್ಪನೇ ಬಂದು ವಾಪಸ್ ಕರ್ಕೊಂಡು ಹೋಗಬೇಕಾಯ್ತು. ಹಾಸ್ಟೆಲ್ಲಿನ ಮೊದಲ ತಿಂಗಳು ಬಾತ್‌ರೂಮಲ್ಲಿ ಅತ್ತವರು ಈ ಸಾಲನ್ನ ಇನ್ನೊಂದು ಸಲ ಓದಿಕೊಳ್ಳಬಹುದು.

ಆಮೇಲೆ ಹತ್ತಿರದ ಬೆಜಾನ್ಸೋನಲ್ಲಿ ಓದು. 1842ರಲ್ಲಿ ವಿಜ್ಞಾನದ ಪರೀಕ್ಷೆ ಪಾಸಾದಾಗ ಕೆಮಿಸ್ಟ್ರಿಯಲ್ಲಿ ಅವರಿಗೆ ಸಿಕ್ಕ ದರ್ಜೆ ಸಾಧಾರಣ. ಫಸ್ಟ್ ಇಯರ್ ಕೆಮಿಸ್ಟ್ರಿ ಬ್ಯಾಕ್ ಇನ್ನೂ ಉಳಿಸಿಕೊಂಡಿರುವ ನಮ್ಮ ಗೆಳೆಯ ಈ ವಾಕ್ಯವನ್ನ ದಪ್ಪ ಅಕ್ಷರದಲ್ಲಿ ಹಾಕಿ ಅಂತ ಹಟ ಹಿಡಿದ, ನಾವು ಹಾಕಿಲ್ಲ. ಪ್ಯಾರಿಸ್ಸಿನ ಎಕೋಲ್ ನಾರ್ಮಾಲ್ ಸುಪೀರಿಯರ್ ಪ್ರವೇಶ ಪರೀಕ್ಷೆಯಲ್ಲಿ ಆ ವರ್ಷ ಸೀಟು ಸಿಗೋಷ್ಟು ರ‍್ಯಾಂಕ್ ಬಂತು. ಆದರೆ ಅದು ಸಾಲದು ಅನ್ನಿಸಿ ಸೇರಲಿಲ್ಲ. ಒಂದು ವರ್ಷ ಮತ್ತೆ ಓದಿ, 1843ರಲ್ಲಿ ಇನ್ನೂ ಒಳ್ಳೆ ರ‍್ಯಾಂಕ್ ತಗೊಂಡು ಸೇರಿದರು. ನಮ್ಮ ಭಾಷೆಯಲ್ಲಿ ಹೇಳೋದಾದರೆ, ರಿಪೀಟರ್.

1848. ವಯಸ್ಸು 25. ಎದುರಿಗಿದ್ದ ಸಮಸ್ಯೆ ಇದು. ವೈನ್ ಪೀಪಾಯಿಯ ಗಷ್ಟಿನಿಂದ ಟಾರ್ಟಾರಿಕ್ ಆಸಿಡ್ ತೆಗೀತಿದ್ದರು. ಅದರ ದ್ರಾವಣದೊಳಗೆ ಧ್ರುವೀಕರಿಸಿದ ಬೆಳಕು ಬಿಟ್ಟರೆ ಬೆಳಕು ಬಲಕ್ಕೆ ತಿರುಗುತ್ತೆ. ಆದರೆ ಕೆಲವು ಸಲ ಅದೇ ಗಷ್ಟಿನಲ್ಲಿ ಇನ್ನೊಂದು ಆಸಿಡ್ ಸಿಗ್ತಿತ್ತು. ಫಾರ್ಮುಲಾ ಅದೇ, ಗುಣವೂ ಹೆಚ್ಚುಕಮ್ಮಿ ಅದೇ, ಬೆಳಕು ಮಾತ್ರ ತಿರುಗಲ್ಲ. ಎಲ್ಲಾ ಒಂದೇ ಆಗಿದ್ದರೆ ಇದೊಂದು ಯಾಕೆ ಬೇರೆ?

ಪಾಶ್ಚರ್ ಆ ಎರಡನೇ ಆಸಿಡ್ಡಿನ ಸೋಡಿಯಂ ಅಮೋನಿಯಂ ಲವಣದ ಹರಳುಗಳನ್ನ ಭೂತಗನ್ನಡಿಯಲ್ಲಿ ನೋಡಿದರು. ಹರಳಿನ ಒಂದು ಪುಟ್ಟ ಮುಖ ಕೆಲವದರಲ್ಲಿ ಬಲಕ್ಕಿತ್ತು, ಕೆಲವದರಲ್ಲಿ ಎಡಕ್ಕಿತ್ತು. ಬಲಗೈ, ಎಡಗೈ ಇದ್ದ ಹಾಗೆ, ಕನ್ನಡಿಯಲ್ಲಿ ಮಾತ್ರ ಹೊಂದುತ್ತೆ. ಚಿಮಟ ಹಿಡಿದು ಒಂದೊಂದೇ ಹರಳು ಆರಿಸಿ ಎರಡು ಗುಡ್ಡೆ ಮಾಡಿದರು. ಮನೆಯಲ್ಲಿ ಅಕ್ಕಿ ಆರಿಸ್ತಾರಲ್ಲ, ಹಾಗೆ. ಒಂದು ಗುಡ್ಡೆಯ ದ್ರಾವಣ ಬೆಳಕನ್ನ ಬಲಕ್ಕೆ ತಿರುಗಿಸಿತು, ಇನ್ನೊಂದು ಅಷ್ಟೇ ಎಡಕ್ಕೆ. ಎರಡನ್ನೂ ಸಮ ಬೆರೆಸಿದರೆ ಸೊನ್ನೆ. ಬೆಳಕು ತಿರುಗದೇ ಇದ್ದದ್ದು ಅದಕ್ಕೇ.

ಈ ವಿಷಯದಲ್ಲಿ ಆಗ ದೊಡ್ಡವರು ಅನ್ನಿಸಿಕೊಂಡಿದ್ದ ಜಾನ್ ಬಾಪ್ಟಿಸ್ಟ್ ಬಿಯೋ ಅವರಿಗೆ 74 ವರ್ಷ. ಅವರು ನಂಬಲಿಲ್ಲ. ಹುಡುಗನನ್ನ ಕರೆಸಿ, ತಮ್ಮದೇ ರಾಸಾಯನಿಕ ಕೊಟ್ಟು, ತಮ್ಮ ಕಣ್ಣೆದುರೇ ಮತ್ತೆ ಮಾಡಿಸಿದರು. ಅದೇ ಉತ್ತರ ಬಂತು. ನಮ್ಮ ವೈವಾಗಿಂತ ಇದು ಕಷ್ಟ ಅನ್ನಿಸುತ್ತೆ.

ಇದರಲ್ಲಿ ಅದೃಷ್ಟವೂ ಇತ್ತು. ಆ ಲವಣದ ಹರಳುಗಳು ಹೀಗೆ ಬೇರೆ ಬೇರೆಯಾಗಿ ಕಟ್ಟೋದು ಸುಮಾರು 27 ಡಿಗ್ರಿಗಿಂತ ಕಡಿಮೆ ಬಿಸಿಯಲ್ಲಿ ಮಾತ್ರ. ಪ್ಯಾರಿಸ್ಸಿನ ತಂಪು ಸಹಾಯ ಮಾಡಿತು. ಏಪ್ರಿಲ್ ತಿಂಗಳ ತುಮಕೂರಿನಲ್ಲಿ, ಫ್ಯಾನೂ ಓಡದ ಲ್ಯಾಬಿನಲ್ಲಿ ಮಾಡಿದ್ದಿದ್ದರೆ ಬರ್ತಿರಲಿಲ್ಲ.

ಹುಣಸೆ ಇಲ್ಲಿ ಬರುತ್ತೆ. ನಿಂಬೆಯಲ್ಲಿ ಇರೋದು ಮುಖ್ಯವಾಗಿ ಸಿಟ್ರಿಕ್ ಆಸಿಡ್, ಸೇಬಿನಲ್ಲಿ ಮ್ಯಾಲಿಕ್. ಟಾರ್ಟಾರಿಕ್ ಆಸಿಡ್ಡೇ ಮುಖ್ಯವಾಗಿರೋ ಹಣ್ಣುಗಳು ತುಂಬಾ ಕಮ್ಮಿ. ಒಂದು ದ್ರಾಕ್ಷಿ, ಇನ್ನೊಂದು ಹುಣಸೆ. ಹುಣಸೆ ತಿರುಳಿನ ತೂಕದಲ್ಲಿ ಹತ್ತರಲ್ಲಿ ಒಂದು ಪಾಲಿನ ಆಸುಪಾಸು ಇದೇ ಇರುತ್ತೆ. ದ್ರಾಕ್ಷಿಯದ್ದೂ ಬಲಕ್ಕೆ ತಿರುಗಿಸುವ ಆಸಿಡ್, ಹುಣಸೆಯದ್ದೂ ಬಲಕ್ಕೆ ತಿರುಗಿಸುವ ಆಸಿಡ್. ಔಷಧಿ ಕಂಪನಿಗಳು ಇವತ್ತು ಎಡ ಬಲ ಅಂತ ತಲೆ ಕೆಡಿಸಿಕೊಳ್ಳೋ ಇಡೀ ಶಾಸ್ತ್ರ ಶುರುವಾದ ಪದಾರ್ಥ ನಮ್ಮಮ್ಮನ ಜಾಡಿಯಲ್ಲಿದೆ.

ಹುಳಿಯಾದ ತೊಟ್ಟಿ

1849ರಲ್ಲಿ ಸ್ಟ್ರಾಸ್‌ಬೂರ್ಗ್‌ನಲ್ಲಿ ಮೇಷ್ಟ್ರ ಕೆಲಸ, ಅದೇ ವರ್ಷ ಮರಿ ಲೋರಾಂ ಜೊತೆ ಮದುವೆ. ಮರಿ ಅವರು ಮನೆ ನೋಡಿಕೊಂಡಿದ್ದಷ್ಟೇ ಅಲ್ಲ. ಗಂಡ ಹೇಳಿದ್ದನ್ನ ಬರೆದುಕೊಳ್ಳೋದು, ಪ್ರಯೋಗದ ಮಾತನ್ನ ರಾತ್ರಿ ಕೂತು ಕೇಳೋದು, ಎಲ್ಲಾ ಮಾಡಿದವರು. 1854ರಲ್ಲಿ ಉತ್ತರದ ಲೀಲ್ ಎಂಬ ಕಾರ್ಖಾನೆಗಳ ಊರಿಗೆ ವರ್ಗ. ಅಲ್ಲಿ 1856ರಲ್ಲಿ ಒಬ್ಬ ವಿದ್ಯಾರ್ಥಿಯ ತಂದೆ ಬಂದರು. ಬೀಟ್‌ರೂಟ್ ರಸದಿಂದ ಆಲ್ಕೋಹಾಲ್ ತೆಗೆಯುವ ಕಾರ್ಖಾನೆಯವರು. ಕೆಲವು ತೊಟ್ಟಿಗಳು ಸರಿಯಾಗಿ ಹುದುಗದೆ ಹುಳಿಯಾಗಿ ನಷ್ಟ ಆಗ್ತಿತ್ತು.

ಪಾಶ್ಚರ್ ಎರಡೂ ತರದ ತೊಟ್ಟಿಯಿಂದ ಹನಿ ತಂದು ಮೈಕ್ರೋಸ್ಕೋಪಿನಲ್ಲಿ ನೋಡಿದರು. ಚೆನ್ನಾಗಿದ್ದ ತೊಟ್ಟಿಯಲ್ಲಿ ದುಂಡಗಿನ ಯೀಸ್ಟ್ ಕಣಗಳು, ಹುಳಿಯಾದದ್ದರಲ್ಲಿ ಅದಕ್ಕಿಂತ ತುಂಬಾ ಸಣ್ಣ ಕಡ್ಡಿಯಂಥವು. ಆಗಿನ ದೊಡ್ಡ ಕೆಮಿಸ್ಟ್‌ಗಳಲ್ಲಿ ಹಲವರು ಹುದುಗುವುದು ಬರೀ ರಾಸಾಯನಿಕ ಕ್ರಿಯೆ, ಜೀವಕ್ಕೂ ಅದಕ್ಕೂ ಸಂಬಂಧ ಇಲ್ಲ ಅಂತಿದ್ದರು. ಪಾಶ್ಚರ್ 1857ರಲ್ಲಿ ಬೇರೆ ಹೇಳಿದರು. ಒಂದೊಂದು ಹುದುಗಿಗೂ ಒಂದೊಂದು ಜೀವಿ ಕಾರಣ. ಹಾಲು ಮೊಸರಾಗೋದು ಒಂದರಿಂದ, ರಸ ಮದ್ಯವಾಗೋದು ಇನ್ನೊಂದರಿಂದ.

ಇದನ್ನ ನೋಡೋಕೆ ನಾವು ಲೀಲ್‌ಗೆ ಹೋಗಬೇಕಾಗಿಲ್ಲ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹಿಟ್ಟು ರಾತ್ರಿಯೆಲ್ಲಾ ಉಬ್ಬೋದು ಬ್ಯಾಕ್ಟೀರಿಯಾದಿಂದ. ತೆಂಗಿನ ನೀರಾ ಬೆಳಿಗ್ಗೆ ಸಿಹಿಯಾಗಿದ್ದು ಬಿಸಿಲೇರಿದ ಮೇಲೆ ಹೆಂಡ ಆಗೋದು ಯೀಸ್ಟಿನಿಂದ. ಹಾಗೇ ಬಿಟ್ಟರೆ ವಿನೆಗರ್ ಆಗೋದು ಮತ್ತೊಂದು ಬ್ಯಾಕ್ಟೀರಿಯಾದಿಂದ. ನೀರಾವನ್ನ ಐಸಿನಲ್ಲಿ ಇಡೋದು ಯಾಕೆ ಅಂದ್ರೆ ಇವುಗಳ ಕೆಲಸ ನಿಧಾನ ಮಾಡೋಕೆ.

ಈ ಜೀವಿಗಳು ಬರೋದೆಲ್ಲಿಂದ, ತಾನಾಗೇ ಹುಟ್ಟುತ್ತಾ? ಅದಕ್ಕೆ ಹಂಸದ ಕತ್ತಿನಂತೆ ಬಾಗಿದ ಕೊಳವೆ ಇರೋ ಬುರುಡೆಗಳಲ್ಲಿ ಸಾರು ಕುದಿಸಿಟ್ಟರು. ಗಾಳಿ ಒಳಗೆ ಹೋಗುತ್ತೆ, ಧೂಳು ಬಾಗಿದ ಜಾಗದಲ್ಲಿ ನಿಂತುಬಿಡುತ್ತೆ. ಸಾರು ಕೆಡಲಿಲ್ಲ. 1860ರಲ್ಲಿ ಮುಚ್ಚಿದ ಬುರುಡೆಗಳನ್ನ ತಮ್ಮೂರಿನ ಸೀಮೆಗೇ ಹೊತ್ತು ತಂದು ಬೇರೆ ಬೇರೆ ಎತ್ತರದಲ್ಲಿ ತೆರೆದರು. ಆರ್ಬ್ವಾ ಹತ್ತಿರದ ಬಯಲಿನಲ್ಲಿ 20ರಲ್ಲಿ 8 ಕೆಟ್ಟವು. ಜ್ಯುರಾ ಬೆಟ್ಟದ ಮೇಲೆ 20ರಲ್ಲಿ 5. ಆಲ್ಪ್ಸ್‌ನ ಹಿಮದ ಹತ್ತಿರ 20ರಲ್ಲಿ ಒಂದೇ. ಧೂಳು ಕಮ್ಮಿ ಇದ್ದಷ್ಟೂ ಕೆಡೋದು ಕಮ್ಮಿ.

ಕಾಯಿಲೆ ಬಿದ್ದ ವೈನ್

1860ರಲ್ಲಿ ಫ್ರಾನ್ಸಿಗೂ ಇಂಗ್ಲೆಂಡಿಗೂ ವ್ಯಾಪಾರದ ಒಪ್ಪಂದ ಆಗಿ ವೈನ್ ರಫ್ತಿಗೆ ದಾರಿ ತೆರೆದಿತ್ತು. ಆದರೆ ಕಳಿಸಿದ ವೈನ್ ದಾರಿಯಲ್ಲೇ ಕೆಡ್ತಿತ್ತು. ಕೆಲವು ಹುಳಿ, ಕೆಲವು ಕಹಿ, ಕೆಲವು ಎಣ್ಣೆಯಂತೆ ನೂಲು ನೂಲಾಗಿ ಇಳೀತಿದ್ದವು. 1863ರಲ್ಲಿ ಚಕ್ರವರ್ತಿ ಮೂರನೇ ನೆಪೋಲಿಯನ್ ಇದನ್ನ ನೋಡಿ ಅಂತ ಪಾಶ್ಚರ್‌ಗೆ ಒಪ್ಪಿಸಿದರು.

ಅವರು ಹೋಗಿದ್ದು ಹೆಸರುವಾಸಿ ಬೋರ್ಡೋಗಲ್ಲ, ಆರ್ಬ್ವಾಗೆ. ಹಳೇ ಕಾಫಿ ಅಂಗಡಿಯೊಂದರ ಕೋಣೆಯಲ್ಲಿ ಶಿಷ್ಯರ ಜೊತೆ ಲ್ಯಾಬ್ ಹೂಡಿದರು. ಗ್ಯಾಸ್ ಇಲ್ಲ, ಇದ್ದಲಿನ ಒಲೆ. ನೀರು ಬೀದಿಯ ಕಾರಂಜಿಯಿಂದ ಹೊತ್ತು ತರಬೇಕು. ಉಪಕರಣ ಮಾಡಿಕೊಟ್ಟವರು ಊರಿನ ಬಡಗಿ ಮತ್ತು ತಗಡಿನ ಕೆಲಸದವರು. ನೆಲಮಾಳಿಗೆ ನೆಲಮಾಳಿಗೆ ಸುತ್ತಿ ಬಾಲ್ಯದ ಗೆಳೆಯರಿಂದ ಕೆಟ್ಟ ವೈನ್ ಕೇಳಿ ತಂದರು. ಒಳ್ಳೇದನ್ನ ಬಿಟ್ಟು ಕೆಟ್ಟದ್ದನ್ನ ಕೇಳೋನನ್ನ ಕಂಡು ಊರಿನವರು ನಕ್ಕಿರಬಹುದು.

ಮೈಕ್ರೋಸ್ಕೋಪಿನಲ್ಲಿ ಒಂದೊಂದು ಕಾಯಿಲೆಗೂ ಒಂದೊಂದು ಜೀವಿ ಕಂಡಿತು. ಕೊಲ್ಲೋದು ಹೇಗೆ? ಔಷಧಿ ಹಾಕಿ ನೋಡಿದರು, ಆಗಲಿಲ್ಲ. ಬಿಸಿ ಮಾಡಿ ನೋಡಿದರು. ಕುದಿಸಿದರೆ ವೈನ್ ಹಾಳು. ಇಳಿಸ್ತಾ ಇಳಿಸ್ತಾ 50ರಿಂದ 60 ಡಿಗ್ರಿ ಮಧ್ಯೆ ಬಂದು ನಿಂತರು. ಗಾಳಿ ಆಡದ ಹಾಗೆ ಮುಚ್ಚಿ ಅಷ್ಟು ಬಿಸಿ ಸ್ವಲ್ಪ ಹೊತ್ತು ಕೊಟ್ಟರೆ ಕೆಡಿಸೋ ಜೀವಿಗಳು ನಿಲ್ಲುತ್ತವೆ. 1865ರಲ್ಲಿ ಪೇಟೆಂಟ್ ಮಾಡಿಸಿದರು, ಆಮೇಲೆ ಎಲ್ಲರೂ ಬಳಸಲಿ ಅಂತ ಬಿಟ್ಟುಕೊಟ್ಟರು. 1866ರಲ್ಲಿ ವೈನಿನ ಬಗ್ಗೆ ದೊಡ್ಡ ಪುಸ್ತಕ ಬಂತು.

ಬಿಸಿ ಮಾಡಿ ಕೆಡದಂತೆ ಇಡೋದನ್ನ ಮೊದಲು ಕಂಡವರು ಪಾಶ್ಚರ್ ಅಲ್ಲ. ನಿಕೋಲಾ ಅಪೇರ್ ಅನ್ನೋ ಅಡುಗೆಯವರು ಅವರಿಗಿಂತ ಅರ್ಧ ಶತಮಾನ ಮೊದಲೇ ಬಾಟಲಿಯಲ್ಲಿ ಆಹಾರ ಮುಚ್ಚಿ ಬಿಸಿ ಮಾಡಿ ಇಡ್ತಿದ್ದರು. ಯಾಕೆ ಕೆಡಲ್ಲ ಅಂತ ಅವರಿಗೆ ಗೊತ್ತಿರಲಿಲ್ಲ. ಕಾರಣ ತೋರಿಸಿ, ಎಷ್ಟು ಬಿಸಿ ಸಾಕು ಅಂತ ಅಳೆದು ಕೊಟ್ಟಿದ್ದು ಪಾಶ್ಚರ್. ನಮ್ಮ ಪ್ರಕಾರ ಇದು ಎಂಜಿನಿಯರಿಂಗ್ ಕೆಲಸ.

ರುಚಿ ಕೆಟ್ಟಿದೆ ಅಂತ ವೈನ್ ವ್ಯಾಪಾರಿಗಳು ತಕರಾರು ತೆಗೆದರು. ರುಚಿ ಹೇಳೋ ಪರಿಣತರನ್ನ ಕೂರಿಸಿ ಬಿಸಿ ಮಾಡಿದ್ದು ಒಂದು ಲೋಟ, ಮಾಡದ್ದು ಒಂದು ಲೋಟ ಕೊಟ್ಟರು. ಅವರು ವ್ಯತ್ಯಾಸ ಹೇಳ್ತಾ ಹೋದರು. ಪಾಶ್ಚರ್‌ಗೆ ಅನುಮಾನ ಬಂದು ಹೇಳದೇ ಕೇಳದೇ ಎರಡೂ ಲೋಟಕ್ಕೆ ಒಂದೇ ವೈನ್ ಹಾಕಿಸಿದರು. ಆಗಲೂ ವ್ಯತ್ಯಾಸ ಹೇಳಿದರಂತೆ! ನೌಕಾಪಡೆಯ ಹಡಗಿನಲ್ಲೂ ಪರೀಕ್ಷೆ ಆಯ್ತು. ಅರ್ಧ ಬಿಸಿ ಮಾಡಿದ ವೈನ್, ಅರ್ಧ ಮಾಡದ್ದು. ಹತ್ತು ತಿಂಗಳ ಯಾನ ಮುಗಿಸಿ ಬಂದಾಗ ಬಿಸಿ ಮಾಡಿದ್ದು ಚೆನ್ನಾಗಿತ್ತು, ಇನ್ನೊಂದು ಹುಳಿಗೆ ತಿರುಗಿತ್ತು.

ತಮಾಷೆ ಅಂದ್ರೆ ಇವತ್ತು ಒಳ್ಳೇ ವೈನನ್ನ ಹೆಚ್ಚಾಗಿ ಪಾಶ್ಚರೀಕರಿಸಲ್ಲ. ಸೋಸೋದು, ಗಂಧಕದ ಡೈಆಕ್ಸೈಡ್, ಸ್ವಚ್ಛತೆ ಇವೇ ಸಾಕು. ವಿಧಾನ ಹಾಲಿಗೆ ಹೋಯ್ತು. ಹಾಲಿಗೆ ಇದನ್ನ ಮಾಡಿ ಅಂತ 1886ರಲ್ಲಿ ಹೇಳಿದವರು ಸಾಕ್ಸ್‌ಲೆಟ್ ಅನ್ನೋ ಜರ್ಮನಿಯ ಕೆಮಿಸ್ಟ್. ಡೈರಿಗಳಲ್ಲಿ ಈಗ ಸಾಮಾನ್ಯವಾಗಿ 72 ಡಿಗ್ರಿ, 15 ಸೆಕೆಂಡು. ಗುಬ್ಬಿ ರಸ್ತೆಯ ಮಲ್ಲಸಂದ್ರದ ತುಮುಲ್ ಡೈರಿ ಮುಂದೆ ದಿನಾ ಹೋಗುವಾಗ ನಮಗೀಗ ಆರ್ಬ್ವಾದ ಇದ್ದಲಿನ ಒಲೆ ನೆನಪಾಗುತ್ತೆ.

ಕುಣಿಗಲ್ಲಿನ ಚಿಟ್ಟೆ

ವೈನಿನ ಕೆಲಸ ನಡೀತಿದ್ದಾಗಲೇ 1865ರಲ್ಲಿ ದಕ್ಷಿಣದ ಆಲೆಸ್ ಕಡೆ ರೇಷ್ಮೆ ಹುಳುಗಳಿಗೆ ಬಂದ ರೋಗ ನೋಡೋಕೆ ಕರೆ ಬಂತು. ಪಾಶ್ಚರ್ ಅದುವರೆಗೆ ರೇಷ್ಮೆ ಹುಳು ಮುಟ್ಟಿದವರೇ ಅಲ್ಲ. ಆ ದಿನಗಳು ತುಂಬಾ ಕೆಟ್ಟವು. ದೊಡ್ಡ ಮಗಳು ಜಾನ್ 1859ರಲ್ಲೇ ಆರ್ಬ್ವಾದಲ್ಲಿ ಟೈಫಾಯ್ಡ್‌ನಿಂದ ಹೋಗಿದ್ದಳು, ಒಂಬತ್ತು ವರ್ಷ. 1865ರಲ್ಲಿ ಅಪ್ಪ ತೀರಿಕೊಂಡರು, ಅದೇ ವರ್ಷ ಎರಡು ವರ್ಷದ ಕಮೀಯ್. ಮುಂದಿನ ವರ್ಷ ಹನ್ನೆರಡು ವರ್ಷದ ಸೆಸೀಲ್, ಮತ್ತೆ ಟೈಫಾಯ್ಡ್. ಐದು ಮಕ್ಕಳಲ್ಲಿ ಉಳಿದವರು ಇಬ್ಬರೇ. 1868ರ ಅಕ್ಟೋಬರಿನಲ್ಲಿ ಅವರಿಗೇ ಪಾರ್ಶ್ವವಾಯು ಹೊಡೆದು ದೇಹದ ಎಡಭಾಗ ಸರಿಯಾಗಿ ಬಾರದಂತಾಯ್ತು. ಆಗ ವಯಸ್ಸು 45. ಅವರ ದೊಡ್ಡ ಕೆಲಸಗಳಲ್ಲಿ ಅರ್ಧ ಇದರ ಆಮೇಲಿನವು.

ರೇಷ್ಮೆಗೆ ಅವರು ಕೊಟ್ಟ ದಾರಿ ಸರಳ. ಮೊಟ್ಟೆ ಇಟ್ಟ ಮೇಲೆ ತಾಯಿ ಚಿಟ್ಟೆಯನ್ನ ಅರೆದು ಮೈಕ್ರೋಸ್ಕೋಪಿನಲ್ಲಿ ನೋಡು, ರೋಗದ ಕಣ ಕಂಡರೆ ಆ ಮೊಟ್ಟೆ ಸುಡು, ಕಾಣದಿದ್ದರೆ ಇಟ್ಟುಕೋ. ಕುಣಿಗಲ್ ಸೀಮೆ ಮೈಸೂರು ತಳಿಯ ಬಿತ್ತನೆ ಗೂಡಿಗೆ ಹೆಸರಾದದ್ದು. ನಮ್ಮ ಕುಣಿಗಲ್ ಗೆಳತಿಯ ಮನೆಯಲ್ಲಿ ಹಿಂದೆ ಹುಳು ಮೇಯಿಸ್ತಿದ್ದರು. ಬಿತ್ತನೆ ಕೋಠಿಯಲ್ಲಿ ಚಿಟ್ಟೆ ಅರೆದು ನೋಡ್ತಾರೆ ಅಂತ ಅವಳಿಗೆ ಚಿಕ್ಕಂದಿನಿಂದ ಗೊತ್ತು. ಅದು ಪಾಶ್ಚರ್ ಪರೀಕ್ಷೆ ಅಂತ ಮಾತ್ರ ಗೊತ್ತಿರಲಿಲ್ಲ. ಅವಳ ತಾತನಿಗೆ ಫೋನ್ ಮಾಡಿ ಹೇಳಿದಾಗ ತಾತ ಆಶ್ಚರ್ಯ ಪಡಲಿಲ್ಲ. ಗಂಟು ರೋಗ ಬಂದ ವರ್ಷದ ನಷ್ಟದ ಲೆಕ್ಕ ಮಾತ್ರ ಇನ್ನೂ ಬಾಯಲ್ಲೇ ಇತ್ತು.

ಗಾಜಿನ ಮನೆಯ ದ್ರಾಕ್ಷಿ

1874ರಲ್ಲಿ ಪಾಶ್ಚರ್ ಆರ್ಬ್ವಾ ಹತ್ತಿರ ರೋಜಿಯೇರ್ ಅನ್ನೋ ಕಡೆ ಸ್ವಂತ ದ್ರಾಕ್ಷಿ ತೋಟ ಕೊಂಡರು. 1878ರಲ್ಲಿ ಅದು ಲ್ಯಾಬ್ ಆಯ್ತು. ತೀರಿಹೋಗಿದ್ದ ಗೆಳೆಯ, ಹೆಸರಾಂತ ವಿಜ್ಞಾನಿ ಕ್ಲೋದ್ ಬರ್ನಾರ್ ಅವರ ಟಿಪ್ಪಣಿಗಳು ಅಚ್ಚಾದವು. ಯೀಸ್ಟ್ ಇಲ್ಲದೆಯೂ ರಸ ಮದ್ಯವಾಗಬಹುದು ಅಂತ ಅದರಲ್ಲಿತ್ತು. ಪಾಶ್ಚರ್‌ಗೆ ಸಿಟ್ಟೂ ಬಂತು, ಸಂಕಟವೂ ಆಯ್ತು. ತಕ್ಷಣ ಗಾಜಿನ ಮನೆಗಳನ್ನ ಮಾಡಿಸಿ ಬಳ್ಳಿಗಳ ಮೇಲೆ ಕೂರಿಸಿದರು. ಕಾಯಿ ಇನ್ನೂ ಹಸಿರು, ಯೀಸ್ಟ್ ಇನ್ನೂ ಬಂದಿಲ್ಲ. ಗೊಂಚಲುಗಳಿಗೆ ಹತ್ತಿ ಸುತ್ತಿದರು. ಹಣ್ಣಾದ ಮೇಲೆ ಹಿಂಡಿದರೆ ಹೊರಗಿನ ದ್ರಾಕ್ಷಿ ಹುದುಗಿತು, ಹತ್ತಿ ಸುತ್ತಿದ್ದು ಹುದುಗಲಿಲ್ಲ. ಒಬ್ಬ ಸತ್ತ ಗೆಳೆಯನ ಜೊತೆ ವಾದ ಮಾಡೋಕೆ ಇಡೀ ತೋಟಕ್ಕೆ ಗಾಜು ಹೊದಿಸಿದ ಮನುಷ್ಯ! ಈ ಹಟದಿಂದಲೇ ಅವರು ಗೆದ್ದರು. ಅನೇಕರ ಜೊತೆ ಕೆಟ್ಟದಾಗಿ ಜಗಳ ಆಡಿದ್ದೂ ಇದೇ ಹಟದಿಂದ.

ಕುರಿ, ನಾಯಿ, ನೋಟ್‌ಬುಕ್

ಆಮೇಲಿನದು ಎಲ್ಲರಿಗೂ ಗೊತ್ತಿರೋ ಭಾಗ, ಬೇಗ ಹೇಳ್ತೀವಿ. ವೈನಿಗೆ ಜೀವಿಯಿಂದ ಕಾಯಿಲೆ ಬರೋದಾದರೆ ಪ್ರಾಣಿಗಳಿಗೆ, ಮನುಷ್ಯರಿಗೆ ಯಾಕಾಗಬಾರದು? 1881ರಲ್ಲಿ ಪುಯಿ ಲ ಫೋರ್ ಎಂಬಲ್ಲಿ ಜನರೆದುರೇ ಕುರಿಗಳಿಗೆ ಆಂಥ್ರಾಕ್ಸ್ ಲಸಿಕೆಯ ಪ್ರಯೋಗ. ಲಸಿಕೆ ಹಾಕಿದವು ಉಳಿದವು, ಹಾಕದ ಕುರಿಗಳು ಸತ್ತವು. 1885ರ ಜುಲೈ 6ರಂದು ಹುಚ್ಚು ನಾಯಿ ಕಚ್ಚಿದ ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್‌ಗೆ ಮೊದಲ ಚುಚ್ಚುಮದ್ದು. ಒಟ್ಟು 13. ಹುಡುಗ ಬದುಕಿದ. 1888ರಲ್ಲಿ ಪ್ಯಾರಿಸ್ಸಿನಲ್ಲಿ ಪಾಶ್ಚರ್ ಇನ್‌ಸ್ಟಿಟ್ಯೂಟ್ ತೆರೆಯಿತು. ನಮ್ಮ ಕಡೆ ಕೂನೂರಿನಲ್ಲಿ 1907ರಲ್ಲಿ ಅದೇ ಹೆಸರಿನ ಸಂಸ್ಥೆ ಬಂತು.

ಗೊತ್ತಿಲ್ಲದ ಭಾಗವೂ ಇದೆ, ಅದನ್ನ ಬಿಟ್ಟರೆ ತಪ್ಪಾಗುತ್ತೆ. ಪಾಶ್ಚರ್ ತಮ್ಮ ಲ್ಯಾಬ್ ನೋಟ್‌ಬುಕ್‌ಗಳನ್ನ ಯಾರಿಗೂ ತೋರಿಸಬಾರದು ಅಂತ ಮನೆಯವರಿಗೆ ಹೇಳಿದ್ದರು. 1964ರಲ್ಲಿ ಮೊಮ್ಮಗ ಅವನ್ನ ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯಕ್ಕೆ ಕೊಟ್ಟರು. ಓದಿದವರಿಗೆ ಕಂಡದ್ದು ಇದು. ಕುರಿಗಳಿಗೆ ಹಾಕಿದ ಲಸಿಕೆ ಅವರು ಹೊರಗೆ ತಿಳಿಯುವಂತೆ ಮಾಡಿದ್ದ ವಿಧಾನದ್ದಲ್ಲ. ಸಹಾಯಕ ಶಾಂಬರ್ಲಾಂ ರಾಸಾಯನಿಕ ಹಾಕಿ ತಯಾರಿಸಿದ್ದು. ಆ ದಾರಿಗೆ ತುಂಬಾ ಹತ್ತಿರದ್ದನ್ನ ತುಲೂಸಿನ ಪಶುವೈದ್ಯ ಹೆನ್ರಿ ತೂಸಾಂ ಮೊದಲೇ ಹೇಳಿದ್ದರು. ಅವರಿಗೆ ಸಲ್ಲಬೇಕಾದ ಹೆಸರು ಸಲ್ಲಲಿಲ್ಲ. ರೆಕಾರ್ಡ್ ಬುಕ್ಕಿನಲ್ಲಿ ರೀಡಿಂಗ್ ಪಕ್ಕದವರದ್ದು ನೋಡಿ ಬರೆಯೋ ನಮಗೆ ಇದನ್ನ ಓದುವಾಗ ಒಳಗೇ ಚುಚ್ಚಿತು. ಲಸಿಕೆ ಕೆಲಸ ಮಾಡಿದ್ದು ನಿಜ. ಹೇಗೆ ಮಾಡಿದೆವು ಅಂತ ನೇರವಾಗಿ ಹೇಳದೇ ಇದ್ದದ್ದೂ ನಿಜ. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಬೇಕು.

ವೈನ್ ಆರೋಗ್ಯಕ್ಕೆ ಒಳ್ಳೇದು ಅಂತಲೂ ಅವರು ನಂಬಿದ್ದರು. ಕುಡಿಯೋ ನೀರಲ್ಲೇ ಟೈಫಾಯ್ಡ್ ಇದ್ದ ಕಾಲದಲ್ಲಿ ಹಾಗನ್ನಿಸಿದ್ದರೆ ಆಶ್ಚರ್ಯ ಇಲ್ಲ. ಈಗಿನ ವೈದ್ಯರು ಅದನ್ನ ಒಪ್ಪಲ್ಲ.

ಊರಿಗೆ ವಾಪಸ್

ಎಷ್ಟೇ ದೊಡ್ಡವರಾದರೂ ಬೇಸಿಗೆ ರಜೆಗೆ ಪಾಶ್ಚರ್ ಆರ್ಬ್ವಾದ ಮನೆಗೇ ಬರ್ತಿದ್ದರು. ಅಪ್ಪನ ತೊಗಲಿನ ಮನೆಯನ್ನೇ ದೊಡ್ಡದು ಮಾಡಿಸಿ ಒಂದು ಕೋಣೆ ಲ್ಯಾಬ್ ಮಾಡಿಕೊಂಡಿದ್ದರು. ಸೆಪ್ಟೆಂಬರಿನ ಮೊದಲ ಭಾನುವಾರ ಅಲ್ಲಿ ಬಿಯು ಅನ್ನೋ ಹಬ್ಬ. ನೂರಾರು ಗೊಂಚಲು ಸೇರಿಸಿ ಕಟ್ಟಿದ ಭಾರೀ ದ್ರಾಕ್ಷಿ ಗೊಂಚಲನ್ನ ರೈತರು ಹೆಗಲ ಮೇಲೆ ಹೊತ್ತು ಮೆರವಣಿಗೆಯಲ್ಲಿ ಚರ್ಚಿಗೆ ಒಯ್ಯುತ್ತಾರೆ. ಗುಬ್ಬಿ ಚನ್ನಬಸವೇಶ್ವರ ಸ್ವಾಮಿ ಜಾತ್ರೆ ನೋಡಿದವರಿಗೆ ಆ ಸಡಗರ ಬಿಡಿಸಿ ಹೇಳಬೇಕಿಲ್ಲ. ಆ ಮೆರವಣಿಗೆಯಲ್ಲಿ ಪಾಶ್ಚರ್ ಕೂಡ ಊರಿನವರ ಜೊತೆ ನಡೀತಿದ್ದರು. 1895ರ ಸೆಪ್ಟೆಂಬರ್ 28ರಂದು ಪ್ಯಾರಿಸ್ ಹತ್ತಿರ ತೀರಿಕೊಂಡರು. ಅವರನ್ನ ಮಣ್ಣು ಮಾಡಿರೋದು ಪ್ಯಾರಿಸ್ಸಿನ ಅವರ ಸಂಸ್ಥೆಯಲ್ಲೇ. ಆರ್ಬ್ವಾದ ಮನೆ ಈಗ ಮ್ಯೂಸಿಯಂ.

ಪ್ರಾಜೆಕ್ಟ್ ಅಂದ ಕೂಡಲೇ ನಾವು ಗಿಟ್‌ಹಬ್ ತೆಗೀತೀವಿ, ಸೀನಿಯರ್ಸ್ ಹಳೇ ರಿಪೋರ್ಟ್ ಹುಡುಕ್ತೀವಿ. ಪಾಶ್ಚರ್ ಕೆಟ್ಟ ವೈನ್ ಹುಡುಕಿಕೊಂಡು ತಮ್ಮೂರಿನ ನೆಲಮಾಳಿಗೆಗೆ ಇಳಿದರು. ಈ ಲೇಖನ ಬರೆದು ಮುಗಿಸೋ ಹೊತ್ತಿಗೆ ನಮ್ಮಲ್ಲಿ ಆಗಿರೋ ಬದಲಾವಣೆ ಇಷ್ಟೇ. ಕೆಮಿಸ್ಟ್ರಿ ಬ್ಯಾಕ್ ಇರೋ ಗೆಳೆಯ ಗುಬ್ಬಿಯ ಮನೆಯಿಂದ ಈ ವರ್ಷದ್ದೊಂದು, ಹೋದ ವರ್ಷದ್ದೊಂದು ಹುಣಸೆ ಉಂಡೆ ತಂದಿದ್ದಾನೆ. ಹಳೇ ಹುಣಸೆ ಯಾಕೆ ಕಪ್ಪಾಗುತ್ತೆ, ಅದರ ಹುಳಿ ಕಮ್ಮಿ ಆಗುತ್ತಾ ಅಂತ ಅವನ ಅಜ್ಜಿಯ ಪ್ರಶ್ನೆ. ಎಪಿಎಂಸಿಯಲ್ಲಿ ಹೊಸದಕ್ಕೂ ಹಳೇದಕ್ಕೂ ಬೇರೆ ರೇಟು, ಹಾಗಾಗಿ ಅಜ್ಜಿಗೆ ಇದು ದುಡ್ಡಿನ ಪ್ರಶ್ನೆಯೂ ಹೌದು. ಲ್ಯಾಬ್ ಸಹಾಯಕರ ಹತ್ತಿರ ಶನಿವಾರ ಮಧ್ಯಾಹ್ನ ಎರಡು ಗಂಟೆ ಬ್ಯುರೆಟ್ ಕೇಳಿ ಇಟ್ಟುಕೊಂಡಿದ್ದೀವಿ. ಉತ್ತರ ಬಂದರೆ ಮುಂದಿನ ಸಂಚಿಕೆಯಲ್ಲಿ ಬರೀತೀವಿ. ಬರದಿದ್ದರೆ, ಬರಲಿಲ್ಲ ಅಂತಲೂ ಬರೀತೀವಿ.